ನಕ್ಷೆಯಲ್ಲಿಲ್ಲದ ಮಿನಿಬಸ್ಸುಗಳಿಂದ ಊರಿನ ಅಂಚಿನವರೆಗೆ: ಒಂದು ಸಂಚಾರ ಯೋಜನೆಯ ಅನುಭವ

ವೇಗವಾಗಿ ಬೆಳೆಯುತ್ತಿದ್ದ ನಗರವೊಂದರ ಸಂಚಾರ ಯೋಜನೆಯ ಹೊಣೆ ನನಗೆ ಬಂದಾಗ ಕೈಯಲ್ಲಿದ್ದ ಮಾಹಿತಿ ಮೂರೇ ಬಗೆಯದು: ರಸ್ತೆಗಳ ನಕ್ಷೆ, ವಾಹನ ನೋಂದಣಿಯ ಅಂಕಿಅಂಶ ಮತ್ತು ದೊಡ್ಡ ವೃತ್ತಗಳಲ್ಲಿ ನಡೆಸಿದ ವಾಹನ ಎಣಿಕೆ. ವಾಹನಗಳ ಬಗ್ಗೆ ಇವು ಸಾಕಷ್ಟು ಹೇಳುತ್ತಿದ್ದವು, ಆದರೆ ಜನರ ಓಡಾಟದ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಅಲ್ಲಿನ ಬಹುಪಾಲು ಜನ ನಡೆದೇ ಹೋಗುತ್ತಿದ್ದರು, ಇಲ್ಲವೇ ಖಾಸಗಿಯವರು ಓಡಿಸುವ ಮಿನಿಬಸ್ಸು ಹಿಡಿಯುತ್ತಿದ್ದರು. ನೈರೋಬಿಯ ಮಟಾಟು, ದಾರ್ ಎಸ್ ಸಲಾಮಿನ ದಾಲಾದಾಲಾ, ಲಾಗೋಸಿನ ಡಾನ್‌ಫೋ ಇವೆಲ್ಲ ಇದೇ ಜಾತಿಗೆ ಸೇರಿದವು. ಅಧಿಕೃತ ವೇಳಾಪಟ್ಟಿ ಇಲ್ಲ, ಮುದ್ರಿತ ಮಾರ್ಗಪಟ್ಟಿ ಇಲ್ಲ, ಆದರೂ ನಗರದ ದುಡಿಮೆ ನಡೆಯುವುದು ಇವುಗಳನ್ನು ನಂಬಿಕೊಂಡೇ.

ಆದ್ದರಿಂದ ಮೊದಲು ಇವುಗಳ ನಕ್ಷೆ ಮಾಡಬೇಕೆಂದು ನಿರ್ಧರಿಸಿದೆವು. ಅದನ್ನು ಮಾಡುವ ವಿಧಾನ ನಾವು ಕಂಡುಹಿಡಿದದ್ದಲ್ಲ. ನೈರೋಬಿ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಎಂಐಟಿಯ ಸಂಶೋಧಕರು ಸಂಗಡಿಗರೊಡನೆ ಸೇರಿ ಮೊಬೈಲ್ ಫೋನುಗಳ ನೆರವಿನಿಂದ ಮಟಾಟು ಮಾರ್ಗಗಳನ್ನು ದಾಖಲಿಸಿ, 2014ರಲ್ಲಿ ನಕ್ಷೆಯನ್ನು ಸಾರ್ವಜನಿಕರಿಗೆ ಒದಗಿಸಿದ್ದರು. ನಾವೂ ಹಾಗೆಯೇ ವಿದ್ಯಾರ್ಥಿಗಳನ್ನು ಜಿಪಿಎಸ್ ಇರುವ ಫೋನಿನೊಂದಿಗೆ ಪ್ರತಿ ಮಾರ್ಗದ ಮೊದಲಿನಿಂದ ಕೊನೆಯವರೆಗೆ ಕಳುಹಿಸಿದೆವು. ವಾಹನ ಎಲ್ಲಿ ನಿಂತಿತು, ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು, ದರ ಎಷ್ಟು ಎಂಬುದನ್ನು ಅವರು ಬರೆದುಕೊಂಡರು. ನಿಲ್ದಾಣಗಳ ಹೆಸರೇ ಒಂದು ಸಮಸ್ಯೆಯಾಯಿತು. ಫಲಕಗಳಿಲ್ಲದ ಕಡೆ ಒಂದೇ ಜಾಗವನ್ನು ಕಂಡಕ್ಟರ್ ಒಂದು ಹೆಸರಿನಿಂದಲೂ ಪ್ರಯಾಣಿಕರು ಇನ್ನೊಂದರಿಂದಲೂ ಕರೆಯುತ್ತಿದ್ದರು. ಕೊನೆಗೆ ಪ್ರಯಾಣಿಕರ ಹೆಸರನ್ನೇ ಉಳಿಸಿಕೊಂಡೆವು.

ಸಂಗ್ರಹಿಸಿದ್ದನ್ನು ಜಿಟಿಎಫ್‌ಎಸ್ ಎಂಬ, ಮಾರ್ಗ, ನಿಲ್ದಾಣ, ವೇಳೆಗಳ ಮಾಹಿತಿಯನ್ನು ಕಂಪ್ಯೂಟರಿಗೆ ಒಂದೇ ರೀತಿ ಬರೆದಿಡುವ ಮುಕ್ತ ಮಾದರಿಗೆ ಅಳವಡಿಸುವಾಗ ಒಂದು ತೊಡಕು ಎದುರಾಯಿತು. ಈ ಮಾದರಿ ಮೂಲತಃ ಗಡಿಯಾರ ನೋಡಿ ಹೊರಡುವ ಬಸ್ಸುಗಳಿಗಾಗಿ ರೂಪುಗೊಂಡದ್ದು. ಮಿನಿಬಸ್ಸಾದರೋ ಸೀಟು ತುಂಬಿದ ಮೇಲೆಯೇ ಹೊರಡುತ್ತದೆ. ಹೊರಡುವ ನಿಗದಿತ ಸಮಯ ಕೊಡಲಾಗದಿದ್ದರೂ ಎಷ್ಟು ನಿಮಿಷಕ್ಕೊಂದು ವಾಹನ ಎಂದು ಸೂಚಿಸಲು ಅದರಲ್ಲಿ ಅವಕಾಶವಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆಗಳಿಗೆ ಬೇರೆ ಬೇರೆ ಅಂತರ ಕೊಟ್ಟು ಕೆಲಸ ಮುಂದುವರಿಸಿದೆವು.

ಈ ತಾಂತ್ರಿಕ ತೊಡಕಿನ ಹಿಂದೆಯೇ ಮುಖ್ಯ ಸಂಗತಿಯೊಂದು ಅಡಗಿತ್ತು. ವಾಹನ ತುಂಬಿದ ಮೇಲೆಯೇ ಹೊರಡುವುದರಿಂದ ನಡುವಿನ ನಿಲ್ದಾಣಗಳಲ್ಲಿ ಕಾಯುವವರಿಗೆ ಬೆಳಗಿನ ಹೊತ್ತು ಜಾಗ ಸಿಗುತ್ತಿರಲಿಲ್ಲ. ಅವರು ಹಿಂದಕ್ಕೆ ನಡೆದು ಮೂಲ ನಿಲ್ದಾಣ ತಲುಪಿ ಅಲ್ಲಿ ಸಾಲಿನಲ್ಲಿ ನಿಲ್ಲುತ್ತಿದ್ದರು, ಅನುಕೂಲವಿದ್ದವರು ಎರಡು ಬಾರಿ ದರ ತೆತ್ತು ಹಿಂದೆ ಹೋಗಿ ಮುಂದೆ ಬರುತ್ತಿದ್ದರು. ಚಾಲಕರನ್ನು ದೂರುವುದು ಸುಲಭ. ಆದರೆ ಮಾಲೀಕನಿಗೆ ದಿನಕ್ಕೆ ಇಂತಿಷ್ಟು ಎಂದು ಒಪ್ಪಿಸಿ, ಇಂಧನದ ಖರ್ಚು ಕಳೆದು, ಉಳಿದದ್ದನ್ನು ಮಾತ್ರ ಮನೆಗೆ ಒಯ್ಯುವವನು ಖಾಲಿ ಸೀಟಿನೊಂದಿಗೆ ಹೊರಡಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಇದರ ಜೊತೆಗೆ ನಡೆಸಿದ ಮನೆಮನೆ ಸಮೀಕ್ಷೆಯಲ್ಲಿ ನಾನು ಹಟ ಹಿಡಿದು ಒಂದು ಬದಲಾವಣೆ ಮಾಡಿಸಿದೆ. ರೂಢಿಯಂತೆ ಮನೆಯ ಯಜಮಾನನನ್ನು ಮಾತ್ರ ಕೇಳದೆ, ಪ್ರತಿಯೊಬ್ಬ ಸದಸ್ಯರನ್ನೂ ಪ್ರತ್ಯೇಕವಾಗಿ ಕೇಳಿದೆವು. ಮಗುವನ್ನು ಶಾಲೆಗೆ ಬಿಟ್ಟು, ದುಡಿಮೆಗೆ ಹೋಗಿ, ಬರುವಾಗ ಸಂತೆ ಮುಗಿಸುವ ಮಹಿಳೆಯರ ಸರಣಿ ಓಡಾಟ ಆಗ ಮಾತ್ರ ಕಾಗದಕ್ಕೆ ಬಂತು. ಪ್ರತಿ ಸಲ ವಾಹನ ಬದಲಿಸಿದಾಗಲೂ ಹೊಸ ದರ ಕೊಡಬೇಕಿದ್ದುದರಿಂದ ಇವರಲ್ಲಿ ಹಲವರು ದಾರಿಯ ಒಂದು ತುಂಡನ್ನು ನಡೆದೇ ಮುಗಿಸುತ್ತಿದ್ದರು.

ಮಾರ್ಗಗಳ ದತ್ತಾಂಶದಿಂದ, ಪ್ರತಿ ಬಡಾವಣೆಯಿಂದ ಒಂದು ಗಂಟೆಯೊಳಗೆ ಎಷ್ಟು ಉದ್ಯೋಗಗಳನ್ನು ತಲುಪಬಹುದು ಎಂದು ಲೆಕ್ಕ ಹಾಕಿದೆವು. ಆ ಗಂಟೆಯಲ್ಲಿ ನಡಿಗೆಯನ್ನೂ ಕಾಯುವಿಕೆಯನ್ನೂ ಸೇರಿಸಿದ್ದೆವು. ಉಪಗ್ರಹ ಚಿತ್ರಗಳಿಂದ ತೆಗೆದ ಹೊಸ ಕಟ್ಟಡಗಳ ಪದರವನ್ನು ಇದರ ಮೇಲಿಟ್ಟಾಗ, ನಗರ ಬೆಳೆಯುತ್ತಿದ್ದ ಭಾಗಗಳೇ ಅತಿ ಕಡಿಮೆ ಉದ್ಯೋಗಗಳನ್ನು ತಲುಪಬಲ್ಲ ಭಾಗಗಳಾಗಿದ್ದವು. ಅಲ್ಲಿ ಭೂಮಿ ಅಗ್ಗವಾಗಿದ್ದುದೂ ಅದಕ್ಕೇ.

ಇಲ್ಲಿಗೆ ನಮ್ಮ ಕೆಲಸ ಬಸ್ಸಿನಿಂದ ಭೂಮಿಯ ಕಡೆಗೆ ಹೊರಳಿತು. ಅಂಚಿನ ಬಡಾವಣೆಗಳಲ್ಲಿ ಸೈಟುಗಳನ್ನು ಹೇಗೆ ಸೀಳಿದ್ದರೆಂದರೆ ಮಿನಿಬಸ್ಸೂ ತಿರುಗಲಾರದಷ್ಟು ಕಿರಿದಾದ ಓಣಿಗಳು ಮಾತ್ರ ಉಳಿದಿದ್ದವು. ಮನೆಗಳು ಎದ್ದ ಮೇಲೆ ರಸ್ತೆಗೆ ಜಾಗ ಹುಡುಕುವುದು ದುಬಾರಿಯೂ ಕ್ರೂರವೂ ಆದ ಕೆಲಸ. ಇನ್ನೂ ಕಟ್ಟಡಗಳಿಲ್ಲದ ಹೊಲಗಳ ಮೇಲೆ, ಒಂದು ಕಿಲೋಮೀಟರಿಗೆ ಒಂದರಂತೆ, ಎರಡೂ ದಿಕ್ಕಿನಲ್ಲಿ 30 ಮೀಟರ್ ಅಗಲದ ಮುಖ್ಯರಸ್ತೆಗಳ ರೇಖೆ ಎಳೆದು ಆ ಜಾಗವನ್ನು ಮಾತ್ರ ಕಾಯ್ದಿರಿಸಬೇಕೆಂದು ಪ್ರಸ್ತಾವಿಸಿದೆ. ಡಾಂಬರು ಈಗಲೇ ಬೇಕಿಲ್ಲ, ಮಣ್ಣಿನ ದಾರಿಯಾಗಿದ್ದರೂ ಸಾಕು. ಈ ಜಾಲಕ್ಕೆ ಹೋಗುವ ಭೂಮಿ ಒಟ್ಟು ವಿಸ್ತೀರ್ಣದ ಸುಮಾರು ಶೇ. 6 ಮಾತ್ರ, ಮತ್ತು ಯಾವ ಜಾಗದಿಂದಲೂ ಮುಖ್ಯರಸ್ತೆ ಅರ್ಧ ಕಿಲೋಮೀಟರಿಗಿಂತ ದೂರವಿರುವುದಿಲ್ಲ.

ಇಷ್ಟು ಅಗಲ ಯಾಕೆ ಎಂದು ಸಭೆಯಲ್ಲಿ ಪ್ರಶ್ನೆ ಬಂತು. ಕೊಲಂಬಿಯಾದ ಬೊಗೋಟಾ ನಗರ 2000ದ ಡಿಸೆಂಬರ್‌ನಲ್ಲಿ ಆರಂಭಿಸಿದ, ಬಸ್ಸಿಗೆಂದೇ ಪ್ರತ್ಯೇಕ ಪಥವಿರುವ ಟ್ರಾನ್ಸ್‌ಮಿಲೇನಿಯೊ ಬಸ್ ವ್ಯವಸ್ಥೆಯನ್ನು ಉದಾಹರಿಸಿದೆ. ಅದರ ಮುಖ್ಯ ಮಾರ್ಗದಲ್ಲಿ ಗಂಟೆಗೆ, ಒಂದೇ ದಿಕ್ಕಿನಲ್ಲಿ, 40,000ಕ್ಕೂ ಹೆಚ್ಚು ಜನ ಸಾಗುವುದು ಸಾಧ್ಯವಾದದ್ದು ನಿಂತ ಬಸ್ಸನ್ನು ಇನ್ನೊಂದು ಬಸ್ಸು ದಾಟಿ ಹೋಗಲು ಅಲ್ಲಿ ಜಾಗವಿದ್ದುದರಿಂದ. ಅಗಲವೇ ಇಲ್ಲದ ರಸ್ತೆಯಲ್ಲಿ ಆ ಮಾತನ್ನು ಎತ್ತುವಂತೆಯೇ ಇಲ್ಲ.

ಹೊಲದ ಒಡೆಯರು ಸುಮ್ಮನೆ ಬಿಟ್ಟುಕೊಡುವವರಲ್ಲ, ಬಿಟ್ಟುಕೊಡಬೇಕಾಗಿಯೂ ಇಲ್ಲ. ಜಪಾನ್, ದಕ್ಷಿಣ ಕೊರಿಯಾ ಮತ್ತು ಗುಜರಾತಿನಲ್ಲಿ ಬಳಕೆಯಲ್ಲಿರುವ ಭೂ ಮರುಹೊಂದಾಣಿಕೆಯ ಕ್ರಮವನ್ನು ಅವರ ಮುಂದಿಟ್ಟೆವು: ಎಲ್ಲರೂ ತಮ್ಮ ಜಮೀನಿನ ಒಂದು ಪಾಲನ್ನು ರಸ್ತೆಗೆ ಬಿಟ್ಟು, ಉಳಿದದ್ದನ್ನು ರಸ್ತೆಗೆ ಹೊಂದಿಕೊಂಡ, ಹೆಚ್ಚು ಬೆಲೆಬಾಳುವ ನಿವೇಶನವಾಗಿ ಮರಳಿ ಪಡೆಯುವುದು. ದೊಡ್ಡ ಹಿಡುವಳಿದಾರರು ಬೇಗ ಒಪ್ಪಿದರು. ಚಿಕ್ಕ ತುಂಡಿನವರಿಗೆ ತಮ್ಮ ಪಾಲು ಕರಗಿಹೋಗುವ ಭಯವಿತ್ತು. ಅವರಿಂದ ಕಡಿಮೆ ಪಾಲು ಪಡೆಯುವ ತಿದ್ದುಪಡಿ ಮಾಡಿದ ಮೇಲೆಯೇ ಮಾತುಕತೆ ಮುಂದುವರಿಯಿತು.

ನಗರದ ಒಂದು ಬದಿಯಲ್ಲಿ ರೇಖೆಗಳು ಅಧಿಕೃತ ಯೋಜನೆಗೆ ಸೇರಿ, ಗಡಿಕಲ್ಲುಗಳನ್ನೂ ನೆಟ್ಟಾಯಿತು. ಇನ್ನೊಂದು ಬದಿಯಲ್ಲಿ, ಅನುಮೋದನೆ ಸಿಗುವಷ್ಟರಲ್ಲಿ ಹೊಲಗಳು ಸೈಟುಗಳಾಗಿ ಮಾರಾಟವಾಗಿದ್ದರಿಂದ, ರಸ್ತೆಯ ಅಗಲವನ್ನು 18 ಮೀಟರಿಗೆ ಇಳಿಸಬೇಕಾಯಿತು. ಅಲ್ಲಿ ಮಿನಿಬಸ್ಸು ಓಡುತ್ತದೆ, ಎರಡೂ ಬದಿಗೆ ಕಾಲುದಾರಿಯೂ ಇದೆ, ಆದರೆ ಬಸ್ಸಿಗೆಂದೇ ಪ್ರತ್ಯೇಕ ಪಥ ಕೊಡುವ ಯೋಚನೆಯನ್ನು ಆ ಭಾಗದ ಮಟ್ಟಿಗೆ ಕಡತದಿಂದ ತೆಗೆದುಹಾಕಿದೆವು.