ಎರಡನೇ ಮಗಳ ಮದುವೆಗೆ ನಾನು ಛತ್ರ ಹಿಡಿಯಲಿಲ್ಲ

ಮಂತ್ರ ಮಾಂಗಲ್ಯ ಅಂದರೆ ಪುರೋಹಿತರು, ಆಡಂಬರ ಇಲ್ಲದೆ ಪ್ರತಿಜ್ಞೆ ಓದಿ ಆಗುವ ಸರಳ ಮದುವೆ. ಅದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ಕುವೆಂಪು ಹೇಳಿದ್ದು, 1966ರಲ್ಲಿ ಅವರ ಮಗ ತೇಜಸ್ವಿಯವರ ಮದುವೆ ಹಾಗೇ ನಡೆದದ್ದು ನಿಮಗೆಲ್ಲ ಗೊತ್ತು. ಗೊತ್ತಿದ್ದೂ ನಾವು ಮಾಡುವುದಿಲ್ಲ, ಅಲ್ವಾ? ನಾನೂ ಮೊದಲ ಸಲ ಸೋತವನೇ.

ದೊಡ್ಡವಳ ಮದುವೆ 2016ರ ನವೆಂಬರ್ ಕೊನೆಯಲ್ಲಿ. ಸರಳವಾಗಿ, 200 ಜನಕ್ಕೆ ಅಂತ ಶುರು ಮಾಡಿದೆವು. ಊಟಕ್ಕೆ ಕೂತವರು ಹತ್ತಿರ ಹತ್ತಿರ 1,400. ಯಾರೂ ಜಗಳ ಆಡಲಿಲ್ಲ. 'ಅವರನ್ನು ಕರೆದು ಇವರನ್ನು ಬಿಟ್ಟರೆ ಏನಂದುಕೊಳ್ತಾರೆ' ಅಂತ ದಿನಕ್ಕೊಬ್ಬರು ಬಂದು ಹತ್ತು ಹೆಸರು ಬರೆಸಿ ಹೋದರು, ಅಷ್ಟೇ. ಬೀಗರ ಕಡೆಯಿಂದ ಆರತಕ್ಷತೆ ಬಂತು. ಅದರ ಹಿಂದೆ ಸ್ಟೇಜು, ಸ್ಟೇಜಿನ ಹಿಂದೆ ಹೂವು. ಇದರ ಮಧ್ಯೆ ನೋಟು ರದ್ದು. ಮದುವೆ ಮನೆಯವರು ಎರಡೂವರೆ ಲಕ್ಷ ತೆಗೆಯಬಹುದು ಅಂತ ಸರ್ಕಾರ ಹೇಳಿತು. ಲಗ್ನಪತ್ರಿಕೆ ಹಿಡಿದು ಬ್ಯಾಂಕಿಗೆ ಹೋದರೆ ಅಲ್ಲಿ ದುಡ್ಡೇ ಇರಲಿಲ್ಲ. ಮುಯ್ಯಿ, ಅಂದರೆ ಮದುವೆಗೆ ಬಂದವರು ಕೊಟ್ಟ ದುಡ್ಡಿನ ಕವರು ಬಿಚ್ಚಿದರೆ ಅರ್ಧಕ್ಕರ್ಧ ಹಳೇ ಐನೂರರ ನೋಟು! ಒಟ್ಟು ಖರ್ಚು ಹದಿಮೂರೋ ಹದಿನಾಲ್ಕೋ ಲಕ್ಷ. ಅದರಲ್ಲಿ ಆರು ಲಕ್ಷ ಸಾಲ. ತೀರಿದ್ದು 2022ಕ್ಕೆ.

ಚಿಕ್ಕವಳೂ ಅವಳ ಹುಡುಗನೂ ಮಂತ್ರ ಮಾಂಗಲ್ಯ ಅಂದಾಗ ನನ್ನ ಭಾವಮೈದ ನಕ್ಕ. 'ನಿಮ್ಮ ಕೈಲಿ ಆಗಲ್ಲ ಬಿಡಿ ಭಾವ' ಅಂದ.

ನೆಂಟರನ್ನು ಒಪ್ಪಿಸಲು ಮೊದಲು ವಿಚಾರ ಹೇಳಲು ಹೋದೆ. ಅಣ್ಣ ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಹೋದ. ಆಮೇಲೆ ದುಡ್ಡಿಲ್ಲ ಅಂದೆ. ಅದು ಇನ್ನೂ ದೊಡ್ಡ ತಪ್ಪು. ಒಂದೇ ವಾರದಲ್ಲಿ ಮೂರು ಜನ ಸಾಲ ಕೊಡುತ್ತೇವೆ ಅಂತ ಬಂದರು! ದುಡ್ಡಿಲ್ಲ ಅಂತ ಮಾತ್ರ ಅನ್ನಬೇಡಿ. 2020ರಲ್ಲಿ ಮದುವೆಗೆ 50 ಜನ ಅಂತ ಸರ್ಕಾರ ಮಿತಿ ಹಾಕಿದಾಗ ಯಾರ ಮರ್ಯಾದೆ ಹೋಯಿತು ಅಂತ ಕೇಳಿದೆ. ಅದಕ್ಕೆ ಸ್ವಲ್ಪ ಜನ ಸುಮ್ಮನಾದರು.

ದಾರಿ ತೋರಿಸಿದ್ದು ನನ್ನ ಹೆಂಡತಿ, ಅದೂ ಬೈಯುತ್ತಾ. 'ಇಪ್ಪತ್ತು ವರ್ಷ ಊರಿಗೆಲ್ಲ ಹಾಕಿದ ಮುಯ್ಯಿ ಏನಾಗಬೇಕು?' ಅಂದಳು. ಮುಯ್ಯಿ ಪುಸ್ತಕ ತೆಗೆದು ಕೂತೆ. ಜಾಸ್ತಿ ಕೂಗಾಡುತ್ತಿದ್ದವು ಹನ್ನೊಂದು ಮನೆ. ಅದರಲ್ಲಿ ಒಂಬತ್ತು ಮನೆಯಲ್ಲಿ ವಯಸ್ಸಿಗೆ ಬಂದ ಮಕ್ಕಳಿದ್ದರು. ಅವರ ಚಿಂತೆ ನಮ್ಮ ಮರ್ಯಾದೆಯದ್ದಲ್ಲ. ನಾವು ಕರೆಯದಿದ್ದರೆ ನಾಳೆ ಅವರ ಮನೆಗೆ ನಾವೂ ಹೋಗುವುದಿಲ್ಲ, ಲೆಕ್ಕ ಅಲ್ಲಿಗೇ ನಿಲ್ಲುತ್ತದೆ ಅಂತ.

ಸ್ಕೂಟರ್ ಹತ್ತಿದೆ. ಸುಮಾರು ಅರವತ್ತು ಮನೆ, ಒಂದು ತಿಂಗಳು, ಎರಡು ಸಾವಿರದ ಪೆಟ್ರೋಲು, ಲೆಕ್ಕವಿಲ್ಲದಷ್ಟು ಕಾಫಿ. ಎಲ್ಲ ಕಡೆ ನಾನು ಹೇಳಿದ್ದು ಒಂದೇ ಮಾತು. 'ನಿಮ್ಮನೆ ಮದುವೆಗೆ ಬರ್ತೀವಿ, ಮುಯ್ಯಿನೂ ಹಾಕ್ತೀವಿ. ನಮ್ಮನೇದಕ್ಕೆ ಮಾತ್ರ ಬೇಡ.' ಫೋನಿನಲ್ಲಿ ಹೇಳಿದ್ದರೆ ಕೆಲಸ ಕೆಡುತ್ತಿತ್ತು. ಅಣ್ಣನನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನು ಬರೆಯುವುದಿಲ್ಲ. ಆ ಮದ್ದು ಅವನ ಮಗನ ಮದುವೆಗೂ ಬೇಕಾಗುತ್ತದೆ.

ವಿಶೇಷ ವಿವಾಹ ಕಾಯ್ದೆಯಲ್ಲಿ ನೋಂದಣಿ ಮಾಡಿಸಿದೆವು. 30 ದಿನದ ನೋಟಿಸು, ಮೂವರು ಸಾಕ್ಷಿ. ಬೋರ್ಡಿನಲ್ಲಿ ನೋಟಿಸು ನೋಡಿದ ನೆಂಟರೊಬ್ಬರು ಗಾಬರಿಯಾಗಿ ಫೋನ್ ಮಾಡಿದರು. 'ಮಗಳು ಓಡಿ ಹೋದಳಾ?' ನೋಟಿಸು ಕೊಡುವ ಮುಂಚೆ ಹತ್ತಿರದವರಿಗೆ ಹೇಳಿಡಿ.

ಮಕ್ಕಳ ಮೇಲಿನ ಒತ್ತಡವೇ ಬೇರೆ. ಅದು ಫೋನಿನಿಂದ ಬರುತ್ತದೆ. ನಮ್ಮಲ್ಲಿ ಅರಿಶಿನ ಹಚ್ಚುವ ಶಾಸ್ತ್ರ ಮೊದಲಿನಿಂದ ಇತ್ತು. ಎಲ್ಲರಿಗೂ ಹಳದಿ ಯೂನಿಫಾರಂ ಯಾವಾಗ ಬಂತೋ ಗೊತ್ತಿಲ್ಲ. ಮಗಳಿಗೂ ಫೋಟೋ ಶೂಟ್ ಆಸೆ ಇತ್ತು. ನಮ್ಮ ಕಬ್ಬಿನ ಗದ್ದೆಯಲ್ಲೇ ಗೆಳತಿಯ ಫೋನಿನಲ್ಲಿ ತೆಗೆಸಿಕೊಂಡಳು. ಕಬ್ಬಿನ ಗರಿ ಕೊಯ್ದು ಅಳಿಯನ ಕೈ ತುಂಬ ಗೀರು. ತಾಂಬೂಲಕ್ಕೆ ತೆಂಗಿನಕಾಯಿ ಬದಲು ನೂರು ದಾಸವಾಳದ ಗಿಡ ತಂದಿದ್ದೆ. ಮೂವತ್ತು ಚಪ್ಪರದಲ್ಲೇ ಉಳಿದವು. ಅದನ್ನು ಮಾಡಬೇಡಿ. ಬಸ್ಸಿನಲ್ಲಿ ಹೋಗುವವರು ಗಿಡ ಹಿಡಿದುಕೊಂಡು ಏನು ಮಾಡಬೇಕು?

ಮದುವೆ ನಡೆದದ್ದು 2024ರ ಫೆಬ್ರವರಿಯಲ್ಲಿ, ಮನೆ ಮುಂದೆ. ಎಂಬತ್ತು ಜನ. ಅಣ್ಣನೇ ಪ್ರತಿಜ್ಞೆ ಓದಿಸಿದ, ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಆದರೆ ಮದುವೆ ಆದಮೇಲಿನ ಬೀಗರೂಟ ಬಿಡಲಿಲ್ಲ. ನಮ್ಮ ಮಂಡ್ಯ ಕಡೆ ವಾಲಗ ಇಲ್ಲದಿದ್ದರೂ ಕ್ಷಮಿಸುತ್ತಾರೆ, ಬಾಡೂಟ ಇಲ್ಲದಿದ್ದರೆ ಇಲ್ಲ. ನಾನೂ ಕ್ಷಮಿಸುವುದಿಲ್ಲ. 250 ಜನಕ್ಕೆ ಅರವತ್ತು ಕೆಜಿ ಮಟನ್. ಚಿನ್ನ ಬಿಟ್ಟು ಎಲ್ಲ ಸೇರಿ ಎರಡೂಕಾಲು ಲಕ್ಷ ಆಗಿರಬಹುದು. ಒಂದು ಪೈಸೆ ಸಾಲವಿಲ್ಲ. ನಕ್ಕಿದ್ದ ಭಾವಮೈದ ಮೂರು ಸಲ ಸಾರು ಹಾಕಿಸಿಕೊಂಡು, ಮುದ್ದೆ ಗಟ್ಟಿಯಾಯಿತು ಅಂದ.

ಮೊನ್ನೆ ಯಾವುದೋ ಮದುವೆಗೆ ಹೊರಡುವಾಗ ಮುಯ್ಯಿ ಪುಸ್ತಕ ತೆಗೆದೆ. ಕೊನೆಯ ಪುಟದಲ್ಲಿ ಹೆಂಡತಿಯ ಅಕ್ಷರ. ಬೇಡ ಅಂದರೂ ಅವಳ ಕೈಗೆ ಕವರು ತುರುಕಿ ಹೋದ ಏಳು ಮನೆಯ ಹೆಸರು. ಒಟ್ಟು 3,500. ಅದರಲ್ಲಿ ಮೊದಲನೆಯವರ ಮನೆಯಲ್ಲಿ ಬರುವ ತಿಂಗಳು ಮದುವೆಯಂತೆ.