ಇಬ್ಬರು ಕೂರುವ ಕ್ವಾಡ್ ಬೈಕ್: ಬೆಲ್ಟ್ ಸುಡದಂತೆ ಓಡಿಸುವುದು, ಸುಟ್ಟರೆ ಬದಲಿಸುವುದು

ಪೊಲಾರಿಸ್ ಕಂಪನಿಯ ನಾಲ್ಕು ಚಕ್ರದ ಕ್ವಾಡ್ ಬೈಕ್ ಸ್ಪೋರ್ಟ್ಸ್‌ಮನ್ ಟೂರಿಂಗ್ 570ರಲ್ಲಿ ಮೊದಲು ಕೈಕೊಡುವುದು ಎಂಜಿನ್ ಅಲ್ಲ, ಬೆಲ್ಟ್. 567 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್ 44 ಅಶ್ವಶಕ್ತಿ ಕೊಡುತ್ತದೆ, ಅದಷ್ಟೂ ಚಕ್ರಕ್ಕೆ ಹೋಗುವುದು ಮುಂದೊಂದು ಹಿಂದೊಂದು ಇರುವ ಎರಡು ಕ್ಲಚ್‌ಗಳ (ಬೆಲ್ಟನ್ನು ನಡುವೆ ಹಿಡಿಯುವ ಜೋಡಿ ತಟ್ಟೆಗಳ) ಮೇಲೆ ಓಡುವ ಒಂದು ರಬ್ಬರ್ ಬೆಲ್ಟಿನ ಮೂಲಕ. 1954ರಲ್ಲಿ ಅಮೆರಿಕದ ಮಿನ್ನೆಸೋಟದ ರೋಸೋ ಊರಿನಲ್ಲಿ ಶುರುವಾದ ಈ ಕಂಪನಿಗೆ ಹೆಸರು ತಂದದ್ದು ಹಿಮದ ಮೇಲೆ ಓಡುವ ಗಾಡಿಗಳು. ಅವುಗಳ ಬೆಲ್ಟ್ ವ್ಯವಸ್ಥೆಯನ್ನೇ 1985ರಲ್ಲಿ ತನ್ನ ಕ್ವಾಡ್‌ಗಳಿಗೂ ತಂದಿತು. ಸವಾರ ಕ್ಲಚ್ ಒತ್ತುವ, ಓಡುತ್ತಲೇ ಗೇರ್ ಬದಲಿಸುವ ತಾಪತ್ರಯ ಇದರಲ್ಲಿಲ್ಲ. ಆದರೆ ಬೆಲ್ಟ್ ಜಾರಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ಸಾಯುತ್ತದೆ.

ಹಿಂದೆ ಒಬ್ಬರು ಕೂತು, ರ್‍ಯಾಕಿನಲ್ಲಿ ಸಾಮಾನೂ ಇದ್ದರೆ ಅಪಾಯ ಹೆಚ್ಚು. ಸಾಮಾನಿನ ಮೂರರಲ್ಲಿ ಒಂದು ಪಾಲು ಮುಂದೆ, ಎರಡು ಪಾಲು ಹಿಂದೆ ಇಡಿ. ಸವಾರರಿಬ್ಬರನ್ನೂ ಸೇರಿಸಿದ ಒಟ್ಟು ತೂಕ ಗಾಡಿಯ ಸ್ಟಿಕ್ಕರಿನಲ್ಲಿರುವ ಮಿತಿ ದಾಟಬಾರದು. ಹಿಂದೆ ಕೂತವರ ಪಾದ ಫುಟ್‌ರೆಸ್ಟ್ ಮೇಲೆ ಪೂರ್ತಿ ಊರಬೇಕು, ಎರಡೂ ಕೈ ಹಿಡಿಕೆಯಲ್ಲಿರಬೇಕು. ಅಷ್ಟು ಕಾಲು ಎಟುಕದ ಮಗುವನ್ನು ಕೂರಿಸಲೇಬೇಡಿ.

ಇನ್ನು ಮುಖ್ಯ ವಿಷಯ: ಲೋ ಗೇರ್. ಮುಂದಕ್ಕೆ ಹೋಗಲು ಲೋ (ನಿಧಾನಕ್ಕೆ), ಹೈ (ವೇಗಕ್ಕೆ) ಎಂಬ ಎರಡು ಗೇರ್ ಇವೆ. ಗಂಟೆಗೆ 11 ಕಿ.ಮೀ.ಗಿಂತ ನಿಧಾನವಾಗಿ ಬಹಳ ಹೊತ್ತು ಓಡಿಸುವಾಗ, ಟ್ರೇಲರ್ ಎಳೆಯುವಾಗ, ದಿಬ್ಬ ಏರುವಾಗ, ಕೆಸರಿನಿಂದ ಹೊರಬರುವಾಗ ಲೋ ಹಾಕಿ. ಹೈನಲ್ಲಿ ನಿಧಾನವಾಗಿ ತಿಣುಕಿದರೆ ಮುಂದಿನ ಕ್ಲಚ್‌ನ ತಟ್ಟೆಗಳು ಬೆಲ್ಟನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ತಟ್ಟೆ ಸುತ್ತುತ್ತದೆ, ಬೆಲ್ಟ್ ನಿಂತಲ್ಲೇ ಉಜ್ಜಿಸಿಕೊಳ್ಳುತ್ತದೆ. ಗಾಡಿ ನಿಲ್ಲಿಸಿಯೇ ಗೇರ್ ಬದಲಿಸಿ. ಹೊರಡುವಾಗ ಥ್ರಾಟಲ್ ಅನುಮಾನಿಸುತ್ತ ಒತ್ತದೆ ಒಂದೇ ಸಮನೆ ಒತ್ತಿ. ಹೂತ ಚಕ್ರ ಕದಲದಿದ್ದರೆ ಥ್ರಾಟಲ್ ಬಿಟ್ಟು ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ) ಬಳಸಿ.

ಕ್ಲಚ್ ಕವರಿಗೆ ನೀರು ಹೊಕ್ಕರೆ ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ಕವರಿನ ಅಡಿಯ ಡ್ರೈನ್ ಪ್ಲಗ್ ತೆಗೆದು ನೀರು ಸುರಿಸಿ. ನ್ಯೂಟ್ರಲ್‌ನಲ್ಲಿ 10–15 ಸೆಕೆಂಡ್ ಥ್ರಾಟಲ್ ಏರಿಸಿ ಇಳಿಸಿ, ಐಡಲ್‌ಗೆ ಬರಲು ಬಿಡಿ, ಲೋ ಹಾಕಿ ಮೆಲ್ಲಗೆ ಮುಂದಕ್ಕೆ ಬಿಟ್ಟು ನೋಡಿ. ಇನ್ನೂ ಜಾರಿದರೆ ಮತ್ತೆ ಅದನ್ನೇ ಮಾಡಿ, ಕೊನೆಗೆ ಪ್ಲಗ್ ಹಾಕಲು ಮರೆಯಬೇಡಿ.

ಬದಲಿಸಬೇಕಾದಾಗ ಎಂಜಿನ್ ಆರಿಸಿ, ಕೀ ತೆಗೆದು, ತಣ್ಣಗಾಗುವವರೆಗೆ ಕಾಯಿರಿ. ಒಳಗಿನ ತಟ್ಟೆಗಳು ಕೈ ಸುಡುವಷ್ಟು ಕಾದಿರುತ್ತವೆ. ಕವರ್ ಬೋಲ್ಟುಗಳನ್ನು ಬಿಚ್ಚಿ, ರಬ್ಬರ್ ಸೀಲ್ ಹರಿಯದಂತೆ ಕವರ್ ಎಳೆಯಿರಿ. ಹಳೆಯ ಬೆಲ್ಟ್ ಸುತ್ತುವ ದಿಕ್ಕಿಗೆ ಬಾಣದ ಗುರುತು ಹಾಕಿ. ಹಿಂದಿನ ಕ್ಲಚ್‌ನ ತಟ್ಟೆಗಳನ್ನು ಅಗಲಿಸಲೆಂದೇ ಇರುವ ಸಾಧನದಿಂದ ಅಗಲಿಸಿದರೆ ಬೆಲ್ಟ್ ಸಡಿಲವಾಗುತ್ತದೆ. ಮೊದಲು ಹಿಂದಿನದರಿಂದ, ಆಮೇಲೆ ಮುಂದಿನದರಿಂದ ಕಳಚಿ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ತಟ್ಟೆಗೆ ಗೀರು ಬಿದ್ದರೆ ಹೊಸ ಬೆಲ್ಟನ್ನೂ ಅದು ತಿನ್ನುತ್ತದೆ.

ಬಿಚ್ಚಿದ ಬೆಲ್ಟನ್ನು ಎಸೆಯುವ ಮುಂಚೆ ಓದಿ. ಒಂದೇ ಜಾಗದಲ್ಲಿ ಸವೆದು ಸಣಕಲಾಗಿದ್ದರೆ ಗಾಡಿ ಕದಲದಿದ್ದಾಗ ಥ್ರಾಟಲ್ ಹಿಡಿದಿದ್ದೀರಿ. ಓಡುವಾಗ ಸುತ್ತಿಗೊಮ್ಮೆ ಧಡ್ ಎನ್ನುವುದೂ ಅದರಿಂದಲೇ. ಪಕ್ಕಗಳು ಗಾಜಿನಂತೆ ಹೊಳೆದರೆ ಜಾರಿದೆ. ಒಂದೇ ಅಂಚು ನಾರು ನಾರಾಗಿದ್ದರೆ ಎರಡು ಕ್ಲಚ್‌ಗಳು ಒಂದೇ ನೇರದಲ್ಲಿಲ್ಲ, ಅದನ್ನು ಸರಿಪಡಿಸದೆ ಹೊಸದು ಹಾಕಿದರೆ ವ್ಯರ್ಥ. ಹಲ್ಲಿನ ಬುಡದಲ್ಲಿ ಬಿರುಕಿದ್ದರೆ ವಯಸ್ಸಾಗಿದೆ ಅಥವಾ ಕಾದಿದೆ. ಬೆಲ್ಟ್ ಪೂರ್ತಿ ಹರಿದಿದ್ದರೆ ಶಾಫ್ಟಿಗೆ, ಗಾಳಿಯ ದಾರಿಗೆ ಸುತ್ತಿಕೊಂಡ ನಾರನ್ನೆಲ್ಲ ಕಿತ್ತು ತೆಗೆಯಿರಿ. ಒಂದೆಳೆ ಉಳಿದರೂ ಸೀಲ್ ಹಾಳಾಗಿ ಎಣ್ಣೆ ಸೋರಬಹುದು.

ತಟ್ಟೆಗಳನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಗ್ರೀಸ್, ಎಣ್ಣೆಯ ಬೆರಳೂ ತಾಗಬಾರದು. ಹೊಸ ಬೆಲ್ಟನ್ನು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಅಚ್ಚಿನ ಜಿಡ್ಡು ಹೋಗುತ್ತದೆ. ಮುಂದಿನ ಕ್ಲಚ್‌ಗೆ ಮೊದಲು ಕೂರಿಸಿ, ಹಿಂದಿನದಕ್ಕೆ ತಿರುಗಿಸುತ್ತ ಏರಿಸಿ, ಸಾಧನ ತೆಗೆಯಿರಿ. ನ್ಯೂಟ್ರಲ್‌ನಲ್ಲಿ ಹಿಂದಿನ ಕ್ಲಚ್ ಕೈಯಲ್ಲಿ ಕೆಲವು ಸುತ್ತು ತಿರುಗಿಸಿದರೆ ಬೆಲ್ಟ್ ಅಂಚಿನವರೆಗೆ ಮೇಲೇರುತ್ತದೆ. ಆಮೇಲೆ ಕವರ್ ಹಾಕಿ ಬೋಲ್ಟ್ ಬಿಗಿ ಮಾಡಿ.

ಮೊದಲ 10 ಗಂಟೆ ಹೊಸ ಬೆಲ್ಟಿಗೆ ಹಗುರ ಹೊರೆ, ಕಡಿಮೆ ವೇಗ ಸಾಕು. ಆ ಹೊತ್ತಿನಲ್ಲಿ ಟ್ರೇಲರ್ ಬೇಡ, ಒಬ್ಬರೇ ಹೋಗುವುದು ಇನ್ನೂ ಒಳ್ಳೆಯದು. ಸೀಟಿನ ಕೆಳಗೆ ಒಂದು ಹೊಸ ಬೆಲ್ಟ್, ಕವರ್ ಬೋಲ್ಟಿನ ಸ್ಪ್ಯಾನರ್, ಅಗಲಿಸುವ ಸಾಧನ, ಒಂದು ಜೊತೆ ಗ್ಲವ್ಸ್ ಇಟ್ಟುಕೊಳ್ಳಿ.