ಬೈಕ್ ಟೈರ್ ವಯಸ್ಸು ನೋಡಿ ಕೊಳ್ಳುವುದು: ಕಲಬುರಗಿ ಬಿಸಿಲಲ್ಲಿ ನನ್ನ ಅನುಭವ

“ಟೈರ್ ಏನ್ ಹಾಲ್ ಅದೇನ್ರಿ, ಒಡದ್ ಹೋಗ್ಲಿಕ್ಕೆ?” ಎಂದು, ಟೈರ್ ತಯಾರಾದ ದಿನ ಕೇಳಿದಾಗ ನಕ್ಕ ಅಂಗಡಿಯವರೇ ಈಗ ಕೇಳುವ ಮುಂಚೆ ಒಳಗಿನ ಹೊಸ ಸ್ಟಾಕ್ ತರಿಸುತ್ತಾರೆ.

ಟೈರ್ ಮಗ್ಗುಲಲ್ಲಿ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ, ವರ್ಷ ಹೇಳುತ್ತವೆ. 3523 ಎಂದರೆ 2023ರ 35ನೇ ವಾರ. ವಾರವನ್ನು 4.3ರಿಂದ ಭಾಗಿಸಿದರೆ ತಿಂಗಳು ಸಿಗುತ್ತದೆ, ಇದು ಆಗಸ್ಟ್ ಕೊನೆ. ಮೂರೇ ಅಂಕಿ ಇದ್ದರೆ 2000ಕ್ಕೂ ಮುಂಚಿನ ಮಾಲು, ಹಳೇ ಬೈಕ್ ಶೋಕಿಯವರಿಗೆ ಮಾತ್ರ ಎದುರಾಗುತ್ತದೆ. ತೊಡಕೆಂದರೆ, ಹಲವು ಟೈರ್‌ಗಳಲ್ಲಿ ಈ ಅಂಕಿ ಒಂದೇ ಮಗ್ಗುಲಲ್ಲಿ ಇರುತ್ತದೆ. ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಪೂರ್ತಿ ಬಿಚ್ಚಿಸಿ, ತಿರುವಿ ನೋಡಿ. ಪಾಲಿಶ್ ತುಂಬಿ ಅಂಕಿ ಕಾಣದಿದ್ದರೆ ಸೀಮೆಸುಣ್ಣ ಅಡ್ಡ ತಿಕ್ಕಿ. ಆ ಜಾಗ ಉಜ್ಜಿ ನುಣ್ಣಗಾಗಿದ್ದರೆ ಅಂಗಡಿ ಬದಲಿಸಿ.

ಹೊಸದೆನ್ನಲು ರಬ್ಬರ್ ಮೀಸೆ (ಟೈರ್ ಮೇಲಿನ ಕೂದಲಂಥ ಎಳೆ) ಉಳಿದಿದೆ, ಬಣ್ಣದ ಗೆರೆ ಇದೆ ಎಂದು ತೋರಿಸುತ್ತಾರೆ. ರಸ್ತೆ ಮುಟ್ಟದೆ ನಾಲ್ಕು ವರ್ಷ ಮೂಲೆಯಲ್ಲಿ ಬಿದ್ದ ಟೈರಿಗೂ ಅವೆರಡೂ ಇರುತ್ತವೆ. ಟೈರ್ ಮೇಲಿನ ಅಚ್ಚಿನ ಗುಂಡಿಯ ತಳ ನೋಡಬೇಕು: ಟೈರನ್ನು ಹಿಂದಕ್ಕೆ ಬಾಗಿಸಿ ಗುಂಡಿ ಅಗಲಿಸಿ, ಕೂದಲೆಳೆಯಂಥ ಬಿರುಕು ಅಲ್ಲೇ ಮೊದಲು ಬರುತ್ತದೆ. ರಿಮ್ ಹಿಡಿಯುವ ಬೀಡ್ ಅಂಚಿನಲ್ಲಿ ಲಿವರ್ (ಟೈರ್ ಎಬ್ಬುವ ಕಬ್ಬಿಣದ ಪಟ್ಟಿ) ಗುರುತು ಇದ್ದರೆ ಒಮ್ಮೆ ಕೂರಿಸಿ ತೆಗೆದದ್ದು.

ಉಗುರು ಒತ್ತಿ ನೋಡುವ ಪದ್ಧತಿ ನಮ್ಮೂರ ಮೇ ತಿಂಗಳಲ್ಲಿ ಕೆಲಸಕ್ಕೆ ಬಾರದು. ರಬ್ಬರ್ ಗಟ್ಟಿತನ ಅಳೆಯುವ ಶೋರ್-ಎ ಮೀಟರ್ ತರಿಸಿದೆ, ಸಾವಿರದ ಆಸುಪಾಸು ಬಿತ್ತು. ಅಂಕಿ ಹೆಚ್ಚಿದಷ್ಟೂ ರಬ್ಬರ್ ಗಟ್ಟಿ. ಬಿಸಿಲಿಗೆ ನೇತುಹಾಕಿದ ಹಳೇ ಟೈರ್ ಅದರಲ್ಲೂ ಮೆತ್ತಗೆ ತೋರಿತು. ಕಾದ ರಬ್ಬರ್ ಸಡಿಲವಾಗುತ್ತದಲ್ಲ. ಒಳಗೆ ನೆರಳಲ್ಲಿ ತಾಸೆರಡು ತಾಸು ಇಟ್ಟು ಅಳೆದರೆ ಹೊಸದು 60ರ ಆಸುಪಾಸು, ಒಣಗಿದ್ದು 70 ದಾಟುತ್ತದೆ. ಒಂದೇ ಕಂಪನಿ, ಒಂದೇ ಮಾದರಿಯೊಳಗೆ ಮಾತ್ರ ಹೋಲಿಸಿ.

ಕಂಪ್ರೆಸರ್ ಮೋಟರ್ ಪಕ್ಕದ ರಾಶಿ ನಾನು ಮುಟ್ಟುವುದಿಲ್ಲ, ಕಿಡಿ ಹಾರುವ ಮೋಟರಿನಿಂದ ಬರುವ ಓಝೋನ್ ಅನಿಲ ರಬ್ಬರ್ ಸೀಳುತ್ತದೆ. ಕಟ್ಟಿ ಒತ್ತಿಟ್ಟ ಟ್ಯೂಬ್‌ಲೆಸ್‌ಗೆ ಬೇರೆ ಕಾಟ: ಬೀಡ್ ಎರಡೂ ಹತ್ತಿರ ಬಂದು ರಿಮ್ ಹಿಡಿಯುವುದಿಲ್ಲ, ಹೊಡೆದ ಗಾಳಿಯೆಲ್ಲ ಸೋರುತ್ತದೆ. ಟೈರಿನ ಹೊರಸುತ್ತಿಗೆ ನಡುವೆ ಬೆಲ್ಟ್ ಬಿಗಿದು, ಸೋಪುನೀರು ಹಚ್ಚಿ, ವಾಲ್ವ್ ಪಿನ್ ತೆಗೆದು ಗಾಳಿ ಹೊಡೆದರೆ ಕೂರುತ್ತದೆ.

ದರದ ಮಾತು. ಆರು ತಿಂಗಳೊಳಗಿನದಕ್ಕೆ ಪೂರ್ತಿ ಕೊಡುತ್ತೇನೆ. ಒಂದೂವರೆ ವರ್ಷದ್ದಾದರೆ ಹದಿನೆಂಟು ನೂರು ರೂಪಾಯಿಯ ಹಿಂಬದಿ ಟೈರಿಗೆ ಇನ್ನೂರು, ಮುನ್ನೂರು ಇಳಿಯುತ್ತದೆ. ಮೂರು ವರ್ಷ ದಾಟಿದ್ದು ಅರ್ಧಕ್ಕೆ ಕೊಟ್ಟರೂ ಬೇಡ. ಇನ್ನೂ ನೂರು ಇಳಿಸುವ ಉಪಾಯ ಒಂದಿದೆ, ಇಲ್ಲಿ ಬರೆಯಲ್ಲ, ಅಂಗಡಿಯವರೂ ಓದುತ್ತಾರೆ.

ಬಿಲ್ ಮೇಲೆ ಆ ನಾಲ್ಕು ಅಂಕಿ ಬರೆಸಿ. ಬಿಲ್ ಇಲ್ಲದಿದ್ದರೆ ವಾರಂಟಿಯನ್ನು ತಯಾರಾದ ದಿನದಿಂದ ಎಣಿಸುವ ಕಂಪನಿಗಳಿವೆ. ರಿಮ್‌ಗೆ ಏರಿಸುವಾಗ ಪಕ್ಕದಲ್ಲೇ ನಿಂತು ಅಂಕಿ ಮತ್ತೊಮ್ಮೆ ನೋಡಿ, ಕೌಂಟರಿನಲ್ಲಿ ತೋರಿಸಿದ್ದೇ ಒಳಗೂ ಹೋಗುತ್ತದೆ ಎನ್ನಲಾಗದು.